ಡೆತ್ ವ್ಯಾಲಿಯಲ್ಲಿ ಬೆಳಕು ಎಷ್ಟು ಹೊತ್ತಿಗೆ ಬರುತ್ತದೆ?

ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿರುವ ಡೆತ್ ವ್ಯಾಲಿ ಎಂಬ ಮರುಭೂಮಿ ಕಣಿವೆಯ ಬ್ಯಾಡ್‌ವಾಟರ್ ಉಪ್ಪಿನ ಬಯಲು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 136 ಕಿಲೋಮೀಟರ್ ದೂರದಲ್ಲಿ ಮೌಂಟ್ ವಿಟ್ನಿ ಇದೆ. ಅದರ ಎತ್ತರ 4,421 ಮೀಟರ್, ಅಲಾಸ್ಕ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ. ಈ ಎರಡರ ನಡುವೆ ಪನಮಿಂಟ್, ಇನ್ಯೋ ಎಂಬ ಬೆಟ್ಟಸಾಲುಗಳು ಉತ್ತರ ದಕ್ಷಿಣವಾಗಿ ಗೋಡೆ ಕಟ್ಟಿದ ಹಾಗೆ ನಿಂತಿವೆ. ಊರಿನಿಂದ ಬರುವ ಅಣ್ಣ ತಮ್ಮಂದಿರು, ಸ್ನೇಹಿತರು ಕ್ಯಾಮೆರಾ ಹೊತ್ತು ತಂದು ಎಡವುವುದೇ ಈ ಗೋಡೆಗಳ ಲೆಕ್ಕದಲ್ಲಿ. ಫೋನಿನಲ್ಲಿ ಸೂರ್ಯೋದಯ 6:20 ಎಂದಿದ್ದರೆ ಅದು ಬಯಲಿನ ಲೆಕ್ಕ. ಕಣಿವೆಯ ತಳಕ್ಕೆ ಬಿಸಿಲು ಇಳಿಯುವ ಹೊತ್ತು ಬೇರೆ, ಎದುರಿನ ಶಿಖರಕ್ಕೆ ತಗಲುವ ಹೊತ್ತು ಬೇರೆ. ಯಾವ ಜಾಗಕ್ಕೆ ಬೆಳಿಗ್ಗೆ, ಯಾವುದಕ್ಕೆ ಸಂಜೆ ಎಂದು ಗೊತ್ತಿಲ್ಲದೆ ಹೊರಟರೆ ಮೂರು ದಿನ ಕಾರು ಓಡಿಸಿದ್ದಷ್ಟೇ ಉಳಿಯುತ್ತದೆ.

ಮೊದಲು ತಿಂಗಳ ಮಾತು. ನಮ್ಮವರಿಗೆ ರಜೆ ಸಿಗುವುದು ಏಪ್ರಿಲ್, ಮೇನಲ್ಲಿ. ಡೆತ್ ವ್ಯಾಲಿಯಲ್ಲಿ ಮೇ ತಿಂಗಳ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಹತ್ತಿರ, ಜುಲೈನಲ್ಲಿ 47. ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿಯನ್ನೇ ಜಗತ್ತಿನ ದಾಖಲೆ ಎನ್ನುತ್ತಾರೆ. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡವರು ‘ಅಷ್ಟೇನಾ’ ಎನ್ನಬಹುದು. ಆದರೆ ಇಲ್ಲಿ ಮರವಿಲ್ಲ, ನೆರಳಿಲ್ಲ, ಗಾಳಿ ಎಷ್ಟು ಒಣ ಎಂದರೆ ಬೆವರಿದ್ದೇ ಗೊತ್ತಾಗುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸರಿಯಾದ ಕಾಲ. ಮೇ ಕೊನೆಗೆ ಬಂದಿಳಿದವರು ಕಣಿವೆಯ ಆಸೆ ಬಿಟ್ಟು 395ನೇ ಹೆದ್ದಾರಿ ಹಿಡಿದು ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವ ಮಗ್ಗುಲಿನ ತಂಪಿನಲ್ಲೇ ಇರುವುದು ಜಾಣತನ.

ದಾರಿಯೂ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಯೊಸೆಮಿಟಿ ದಾಟಿ ಹೋಗುವ ಟಯೋಗಾ ಪಾಸ್ ಎಂಬ ಘಟ್ಟದ ದಾರಿ 3,031 ಮೀಟರ್ ಎತ್ತರದ್ದು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಹಿಮ ಬಿದ್ದು ಮುಚ್ಚಿದರೆ ಮೇ ಕೊನೆ, ಕೆಲವು ವರ್ಷ ಅದಕ್ಕೂ ಆಚೆ ತೆರೆಯುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕಿಳಿದು ಟೆಹಾಚಪಿ, ಮೊಹಾವಿ ಸುತ್ತಿಕೊಂಡು ವಿಟ್ನಿ ಬುಡದ ಲೋನ್ ಪೈನ್ ಊರು ಸೇರಬೇಕು, ಪೂರ್ತಿ ಒಂದು ದಿನದ ಡ್ರೈವಿಂಗ್. ಊರಿನಿಂದ ನೇರ ಬರುವವರಿಗೆ ಲಾಸ್ ವೇಗಸ್‌ನಲ್ಲಿ ಇಳಿಯುವುದೇ ಸುಲಭ. ಅಲ್ಲಿಂದ ಫರ್ನೇಸ್ ಕ್ರೀಕ್ ಎರಡು, ಎರಡೂವರೆ ಗಂಟೆ.

ಈಗ ಬೆಳಕಿನ ಲೆಕ್ಕ. ಜಬ್ರಿಸ್ಕಿ ಪಾಯಿಂಟ್ ಬೆಳಗಿನ ಜಾಗ. ನೀವು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತೀರಿ, ಸೂರ್ಯ ಬೆನ್ನ ಹಿಂದೆ. ಮೊದಲು ಕಣಿವೆಯಾಚೆ ಪನಮಿಂಟ್ ಸಾಲಿನ ತುದಿಗೆ ಗುಲಾಬಿ ಬಣ್ಣ ಹತ್ತುತ್ತದೆ. ಅದು ನಿಧಾನಕ್ಕೆ ಕೆಳಗಿಳಿಯುತ್ತದೆ, ಆಮೇಲೆ ಮ್ಯಾನ್ಲಿ ಬೀಕನ್ ಎಂಬ ಚೂಪು ಗುಡ್ಡದ ನೆತ್ತಿ, ಕೊನೆಗೆ ಕೆಳಗಿನ ಹಳದಿ ಮಣ್ಣಿನ ಸುಕ್ಕುಗಳು. ಸೂರ್ಯ ಹುಟ್ಟುವ ಮುಕ್ಕಾಲು ಗಂಟೆ ಮೊದಲೇ ಟ್ರೈಪಾಡ್ ಊರಿರಬೇಕು. ಬಿಸಿಲು ಪೂರ್ತಿ ಬಿದ್ದ ಮೇಲೆ ಸುಕ್ಕುಗಳೆಲ್ಲ ಚಪ್ಪಟೆ, ಆಗ ಬಸ್ಸಿನಲ್ಲಿ ಬಂದವರು ಸೆಲ್ಫಿ ತೆಗೆಯುತ್ತಿರುತ್ತಾರೆ. ವೈಡ್ ಲೆನ್ಸ್ ಬೇಡ, 70–200 ಎಂ.ಎಂ. ಜೂಮ್ ಹಾಕಿ ಒಂದೊಂದೇ ಮಡಿಕೆ ಆರಿಸಿ.

ಬ್ಯಾಡ್‌ವಾಟರ್ ಸಂಜೆಯ ಜಾಗ. ಅದರ ಪೂರ್ವಕ್ಕೆ ಬ್ಲ್ಯಾಕ್ ಮೌಂಟನ್ಸ್ ಗೋಡೆ ನೆಟ್ಟಗೆ ಎದ್ದಿದೆ. ಅದರ ನೆತ್ತಿಯ ಮೇಲಿನ ಡಾಂಟೆಸ್ ವ್ಯೂ 1,669 ಮೀಟರ್ ಎತ್ತರದಲ್ಲಿದೆ. ಹೀಗಾಗಿ ಬೆಳಿಗ್ಗೆ ಉಪ್ಪಿನ ಬಯಲಿಗೆ ಬಿಸಿಲು ಬರುವುದು ಬಹಳ ತಡ. ಸಂಜೆಯೂ ಕ್ಯಾಲೆಂಡರಿನ ಸೂರ್ಯಾಸ್ತಕ್ಕಿಂತ ಮೊದಲೇ ಸೂರ್ಯ ಪನಮಿಂಟ್ ಹಿಂದೆ ಸರಿದುಬಿಡುತ್ತಾನೆ, ಕಡೇ ಗಳಿಗೆಯಲ್ಲಿ ಓಡಿ ಬಂದವರಿಗೆ ನೆರಳೇ ಗತಿ. ಹಾಗೆಂದು ಕ್ಯಾಮೆರಾ ಬ್ಯಾಗಿಗೆ ಹಾಕಬೇಡಿ. ಬಿಸಿಲು ಹೋದ ಅರ್ಧ ಗಂಟೆಯ ನಂತರದ ನೇರಳೆ ಆಕಾಶವೇ ಉಪ್ಪಿಗೆ ಒಪ್ಪುವ ಬಣ್ಣ. ಬೆಂಗಳೂರಿನಲ್ಲಿ ಮುಸ್ಸಂಜೆ ಬೇಗ ಮುಗಿಯುತ್ತದೆ, ಇಲ್ಲಿ 36 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಇಳಿಯುವುದರಿಂದ ಇನ್ನಷ್ಟು ಹೊತ್ತು ಎಳೆಯುತ್ತದೆ.

ಅಲ್ಲಿ ಹಲಗೆ ಹಾಸಿದ ದಾರಿಯ ಪಕ್ಕದ ಉಪ್ಪೆಲ್ಲ ಜನ ತುಳಿದು ಹಿಟ್ಟಾಗಿದೆ. ಒಂದೂವರೆ ಕಿಲೋಮೀಟರ್ ಒಳಗೆ ನಡೆದರೆ ಷಟ್ಕೋನದ ಗೆರೆಗಳು ಸಿಗುತ್ತವೆ, ಒಣಗಿದ ಹಪ್ಪಳದ ಅಂಚಿನಂತೆ ಮೇಲಕ್ಕೆ ಸುರುಟಿಕೊಂಡವು. ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕಿಳಿಸಿ, ಲೆನ್ಸ್ 16 ರಿಂದ 20 ಎಂ.ಎಂ., ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11. ಹತ್ತಿರದ ಗೆರೆ ಎರಡಡಿಯಲ್ಲಿ, ಬೆಟ್ಟ ಮೈಲಿಗಳಾಚೆ, ಒಂದೇ ಫೋಕಸ್‌ನಲ್ಲಿ ಎರಡೂ ಚೂಪಾಗಿ ಬರುವುದು ಕಷ್ಟ. ಕಿಂಡಿಯನ್ನು ಎಫ್/22ಕ್ಕೆ ಕಿರಿದಾಗಿಸಿದರೆ ಬೆಳಕು ಅಂಚಿನಲ್ಲಿ ಚದುರುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದರ ಬದಲು ಹತ್ತಿರದಿಂದ ದೂರಕ್ಕೆ ಫೋಕಸ್ ಸರಿಸುತ್ತಾ ಮೂರು ನಾಲ್ಕು ಫ್ರೇಮ್ ತೆಗೆದು ಆಮೇಲೆ ಜೋಡಿಸಿ. ಉಪ್ಪಿನ ಬಿಳಿಯನ್ನು ಕ್ಯಾಮೆರಾ ಬೂದು ಎಂದು ತಿಳಿದು ಕತ್ತಲಾಗಿಸುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1 ಇಟ್ಟು ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ಬಲತುದಿಗೆ ಒತ್ತದಂತೆ ನೋಡಿಕೊಳ್ಳಿ.

ಈ ಗೆರೆಗಳು ಪ್ರತಿವರ್ಷ ಒಂದೇ ರೀತಿ ಇರುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಉಳಿಕೆ ಒಂದೇ ದಿನದಲ್ಲಿ ವರ್ಷದ ಮಳೆಯನ್ನು ಸುರಿಸಿ ಬಯಲನ್ನೇ ಕೆರೆ ಮಾಡಿತ್ತು. ರಸ್ತೆಗಳು ಕೊಚ್ಚಿಹೋಗಿ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್ ಸುಮಾರು ಎರಡು ತಿಂಗಳು ಮುಚ್ಚಿತ್ತು, 2024ರ ಫೆಬ್ರವರಿಯ ಮಳೆ ಮತ್ತೆ ಕೆರೆ ತುಂಬಿಸಿತು. ನೀರು ನಿಂತ ವರ್ಷ ಪ್ರತಿಬಿಂಬ ಸಿಗುತ್ತದೆ, ಷಟ್ಕೋನ ಸಿಗುವುದಿಲ್ಲ. ಹೊರಡುವ ಹಿಂದಿನ ದಿನ ಪಾರ್ಕ್ ಸರ್ವಿಸ್‌ನ ರಸ್ತೆ ಪ್ರಕಟಣೆ ನೋಡದೆ ಹೊರಡಬೇಡಿ.

ಸ್ಟವ್‌ಪೈಪ್ ವೆಲ್ಸ್ ಬಳಿಯ ಮೆಸ್ಕೀಟ್ ಮರಳು ದಿಬ್ಬಗಳಿಗೆ ಬೆಳಿಗ್ಗೆ, ಸಂಜೆ ಎರಡೂ ಆಗುತ್ತದೆ. ನಮ್ಮ ಮತ ಬೆಳಿಗ್ಗೆಗೆ. ರಾತ್ರಿ ಗಾಳಿ ಬೀಸಿದ್ದರೆ ಹೆಜ್ಜೆಗುರುತು ಅಳಿಸಿರುತ್ತದೆ. ಅತಿ ಎತ್ತರದ ದಿಬ್ಬ ಸುಮಾರು 30 ಮೀಟರ್, ಎಲ್ಲರೂ ಅದಕ್ಕೇ ಏರುತ್ತಾರೆ. ನೀವು ಪಕ್ಕಕ್ಕೆ ಸರಿದು ನಡೆಯಿರಿ. ನಡೆಯುವಾಗ ಮುಂದೆ ಚಿತ್ರ ತೆಗೆಯಬೇಕಾದ ಏಣನ್ನು ನೀವೇ ತುಳಿದು ಹಾಳು ಮಾಡಬೇಡಿ, ಇದು ದಿನವೂ ಆಗುವ ಪ್ರಮಾದ. ಮರಳಿನಲ್ಲಿ ಲೆನ್ಸ್ ಬದಲಿಸುವುದು ನಿಷಿದ್ಧ ಎಂದೇ ಇಟ್ಟುಕೊಳ್ಳಿ. ಕಾರಿನಲ್ಲೇ ಒಂದನ್ನು ಹಾಕಿಕೊಂಡು ಹೋಗಿ, ಎರಡನೆಯದು ಬೇಕೆಂದರೆ ಎರಡನೇ ಬಾಡಿ ಒಯ್ಯಿರಿ.

ಲೋನ್ ಪೈನ್ ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ ಲೆಕ್ಕ ಮತ್ತೆ ಬೆಳಗಿನದೇ. ಸಿಯೆರಾದ ಕಡಿದಾದ ಮುಖ ಪೂರ್ವಕ್ಕಿದೆ, ಸಂಜೆ ಸೂರ್ಯ ಅದರ ಹಿಂದೆ ಹೋಗಿ ಬರೀ ಕಪ್ಪು ಆಕೃತಿ ಉಳಿಯುತ್ತದೆ. ಲೋನ್ ಪೈನ್ ಊರಿನಿಂದ ನೋಡಿದಾಗ ಎಡಗಡೆ ದೊಡ್ಡದಾಗಿ ಕಾಣುವುದು ಲೋನ್ ಪೈನ್ ಪೀಕ್, ಅದು ಹತ್ತಿರ ಇರುವುದಕ್ಕೆ ಹಾಗೆ. ವಿಟ್ನಿ ಅದರ ಬಲಕ್ಕೆ, ಹಿಂದೆ, ಸೂಜಿಮೊನೆಗಳ ಪಕ್ಕ. ಎಷ್ಟೋ ಜನ ಲೋನ್ ಪೈನ್ ಪೀಕ್ ತೆಗೆದು ವಿಟ್ನಿ ಎಂದು ಹೆಸರು ಹಾಕುತ್ತಾರೆ. ಶಿಖರ ಕಿತ್ತಳೆಯಾಗಿ ಉರಿಯುವಾಗ ಮುಂದಿನ ದುಂಡು ಬಂಡೆಗಳು ಇನ್ನೂ ಇನ್ಯೋ ಸಾಲಿನ ನೆರಳಲ್ಲಿ ಇರುತ್ತವೆ. ಈ ಬೆಳಕಿನ ಅಂತರವನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ಹಿಡಿಯಲು ಹೋದರೆ ಶಿಖರ ಬೆಳ್ಳಗಾಗುತ್ತದೆ ಇಲ್ಲವೇ ಬಂಡೆ ಮಸಿಯಾಗುತ್ತದೆ. ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಅಂತರದಲ್ಲಿ ಮೂರು ಫ್ರೇಮ್ ತೆಗೆದು ಆಮೇಲೆ ಜೋಡಿಸಿ. ಮೊಬಿಯಸ್ ಆರ್ಚ್ ಎಂಬ ಕಲ್ಲು ಕಮಾನಿನ ಒಳಗೆ ವಿಟ್ನಿ ಕೂರಿಸುವ ಚಿತ್ರ ಸಾವಿರಾರು ಬಂದಿದೆ. ತೆಗೆಯಬೇಡಿ ಎನ್ನುವುದಿಲ್ಲ, ಆದರೆ ಸರತಿ ನಿಲ್ಲಲು ಸಿದ್ಧರಿರಿ.

ಉತ್ತರಕ್ಕೆ ಮೋನೋ ಸರೋವರ. ಕೆರೆಯ ತಳದ ಬುಗ್ಗೆಗಳ ಸುಣ್ಣದ ನೀರು ಕಾರ್ಬೊನೇಟ್ ತುಂಬಿದ ಕೆರೆನೀರಿಗೆ ಬೆರೆತು ನೀರಿನೊಳಗೇ ಕಟ್ಟಿದ ಟೂಫಾ ಕಂಬಗಳು ಅಲ್ಲಿವೆ. 1941ರಿಂದ ಲಾಸ್ ಏಂಜಲೀಸ್ ನಗರ ಇಲ್ಲಿನ ತೊರೆಗಳನ್ನು ತಿರುಗಿಸಿಕೊಂಡಿದ್ದರಿಂದ ನೀರು ಇಳಿದು ಕಂಬಗಳು ಹೊರಬಂದವು. ಅಂದರೆ ನಾವು ಚೆಂದ ಎಂದು ತೆಗೆಯುವುದು ನೀರಿಲ್ಲದ ಜಾಗವನ್ನು. ಸೌತ್ ಟೂಫಾಕ್ಕೆ ಬೆಳಗಾಗುವ ಮೊದಲೇ ಹೋಗಿ, ಗಾಳಿ ಎದ್ದರೆ ಪ್ರತಿಬಿಂಬ ಇಲ್ಲ.

ಬಿಗ್ ಪೈನ್‌ನಿಂದ ಮೇಲೇರಿದರೆ ವೈಟ್ ಮೌಂಟನ್ಸ್‌ನ ಬ್ರಿಸಲ್‌ಕೋನ್ ಪೈನ್ ಮರಗಳು. ಅಲ್ಲಿನ ಮೆತೂಸಲ ಎಂಬ ಮರಕ್ಕೆ 4,800 ವರ್ಷ ಮೀರಿದೆ, ಯಾವುದು ಎಂದು ಹೇಳುವುದಿಲ್ಲ. ಈ ಮರಗಳ ಶುಲ್ಮನ್ ಗ್ರೋವ್ ಎಂಬ ತೋಪು ಸುಮಾರು 3,050 ಮೀಟರ್ ಎತ್ತರದಲ್ಲಿದೆ. ಕಣಿವೆಯ ತಳದಿಂದ ಅದೇ ದಿನ ಇಲ್ಲಿಗೆ ಏರಿದರೆ ತಲೆನೋವು, ವಾಕರಿಕೆ ಸಹಜ. ಹಿಂದಿನ ರಾತ್ರಿ ಬಿಷಪ್ ಎಂಬ ಊರಿನಲ್ಲಿ ಮಲಗಿ, ನಿಧಾನಕ್ಕೆ ನಡೆಯಿರಿ. ಮೇಲೆ ಪೆಟ್ರೋಲೂ ಇಲ್ಲ, ನೀರೂ ಇಲ್ಲ.

ರಾತ್ರಿಯ ಆಕಾಶಕ್ಕೆ ಡೆತ್ ವ್ಯಾಲಿ 2013ರಿಂದ ಮಾನ್ಯತೆ ಪಡೆದ ಡಾರ್ಕ್ ಸ್ಕೈ ಪಾರ್ಕ್. ಆದರೆ ಆಕಾಶಗಂಗೆಯ ನಡುಭಾಗ ಬೆಂಗಳೂರಿನಿಂದ ದಿಗಂತಕ್ಕಿಂತ 48 ಡಿಗ್ರಿ ಮೇಲೇರಿದರೆ ಇಲ್ಲಿ 25ರ ಹತ್ತಿರ ಅಷ್ಟೇ. ದಕ್ಷಿಣಕ್ಕೆ ಬೆಟ್ಟವಿರುವ ಜಾಗ ಆರಿಸಿದರೆ ಅದೂ ಮುಚ್ಚಿಹೋಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ ಆಗ್ನೇಯದಲ್ಲಿ ಏಳುತ್ತದೆ. 20 ಎಂ.ಎಂ. ಲೆನ್ಸಿಗೆ ‘500ರ ನಿಯಮ’ (500 ಅನ್ನು ಲೆನ್ಸಿನ ಎಂ.ಎಂ.ನಿಂದ ಭಾಗಿಸುವ ಲೆಕ್ಕ) 25 ಸೆಕೆಂಡ್ ಕೊಡುತ್ತದೆ, ಈಗಿನ 40 ಮೆಗಾಪಿಕ್ಸೆಲ್ ಮೀರಿದ ಸೆನ್ಸರ್‌ಗಳಲ್ಲಿ ಅಷ್ಟಕ್ಕೆ ನಕ್ಷತ್ರ ಉದ್ದವಾಗುತ್ತವೆ. 10–12 ಸೆಕೆಂಡ್, ಎಫ್/1.8, ಐಎಸ್‌ಒ 3200 ಸರಿ. ಡಾಂಟೆಸ್ ವ್ಯೂನಿಂದ ಲಾಸ್ ವೇಗಸ್‌ನ ಬೆಳಕು ಕಾಣುತ್ತದೆ, ಅಲ್ಲಿನ ಚಳಿಗಾಳಿಗೆ ಸ್ವೆಟರ್ ಸಾಲದು.

ರೇಸ್‌ಟ್ರ್ಯಾಕ್ ಎಂಬ ಒಣಕೆರೆಯ ಜಾರುವ ಕಲ್ಲುಗಳನ್ನು ನೋಡಲೇಬೇಕೆಂಬ ಆಸೆ ಎಲ್ಲರದು. ತೆಳು ಮಂಜುಗಡ್ಡೆಯ ಹಾಳೆ ಗಾಳಿಗೆ ಸರಿದು ಅವನ್ನು ನೂಕುತ್ತದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಉಬೆಹೀಬಿ ಕ್ರೇಟರ್‌ನಿಂದ 40 ಕಿಲೋಮೀಟರಿಗೂ ಹೆಚ್ಚು ಮಣ್ಣುರಸ್ತೆ, ಚೂಪು ಕಲ್ಲು, ಫೋನ್ ಸಿಗ್ನಲ್ ಇಲ್ಲ. ಬಾಡಿಗೆ ಕಾರಿನ ಸಾಧಾರಣ ಟೈರು ಹರಿಯುವುದು ಇಲ್ಲೇ, ಮಣ್ಣುರಸ್ತೆಗೆ ಬಾಡಿಗೆ ಕರಾರು ಸಾಮಾನ್ಯವಾಗಿ ಒಪ್ಪುವುದೂ ಇಲ್ಲ. ದಪ್ಪ ಟೈರು, ಪೂರ್ಣ ಗಾತ್ರದ ಸ್ಟೆಪ್ನಿ ಇರುವ ಎತ್ತರದ ಗಾಡಿ ಸಿಗದಿದ್ದರೆ ಬಿಟ್ಟುಬಿಡಿ. ಕೆರೆಯ ತಳ ಒದ್ದೆಯಿದ್ದಾಗ ಕಾಲಿಟ್ಟರೆ ಆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಡ್ರೋನ್ ನ್ಯಾಷನಲ್ ಪಾರ್ಕ್‌ಗಳಲ್ಲಿ ಎಲ್ಲಿಯೂ ಹಾರಿಸುವಂತಿಲ್ಲ.

ಸಣ್ಣಪುಟ್ಟ ಮಾತು ಇನ್ನಷ್ಟು. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು, ಅದರ ಮೇಲೆ ಕಾರಿನಲ್ಲಿ ಮೀಸಲು. ಪೆಟ್ರೋಲ್ ಲೋನ್ ಪೈನ್‌ನಲ್ಲೇ ತುಂಬಿಸಿ, ಪಾರ್ಕಿನೊಳಗೆ ದುಬಾರಿ. ಆಕಾಶದ ನೀಲಿಯನ್ನು ಗಾಢವಾಗಿಸುವ ಪೋಲರೈಜರ್ ಫಿಲ್ಟರನ್ನು 24 ಎಂ.ಎಂ.ಗಿಂತ ಅಗಲದ ಲೆನ್ಸಿಗೆ ಹಾಕಿದರೆ ಮರುಭೂಮಿಯ ತಿಳಿ ಆಕಾಶದ ನಡುವೆ ಕಡುನೀಲಿ ಪಟ್ಟೆ ಬರುತ್ತದೆ. ನಡುಹಗಲಲ್ಲಿ 400 ಎಂ.ಎಂ.ನಲ್ಲಿ ದೂರದ ಬೆಟ್ಟ ತೆಗೆದರೆ ಕಾದ ಗಾಳಿಯ ಅಲೆಗೆ ಎಲ್ಲ ಕಲಸಿಹೋಗುತ್ತದೆ, ಶಟರ್ ಎಷ್ಟು ವೇಗ ಇಟ್ಟರೂ ಅದಕ್ಕೆ ಮದ್ದಿಲ್ಲ. ಟ್ರೈಪಾಡ್ ಬಿಚ್ಚುವಾಗ ಎಲ್ಲಕ್ಕಿಂತ ಕೆಳಗಿನ ಕಾಲನ್ನೇ ಮೊದಲು ಪೂರ್ತಿ ಎಳೆಯಿರಿ, ಆಗ ಬಿಗಿಯುವ ಕೀಲು ಮರಳಿನಿಂದ ಮೇಲಿರುತ್ತದೆ. ಉಪ್ಪಿನ ಬಯಲಿನಿಂದ ಬಂದ ರಾತ್ರಿಯೇ ಕಾಲುಗಳನ್ನು ಸಿಹಿನೀರಲ್ಲಿ ತೊಳೆದು, ಬಿಚ್ಚಿಟ್ಟು ಒಣಗಿಸಿ. ಬೆಳಿಗ್ಗೆ ನೋಡೋಣ ಎಂದರೆ ಸ್ಕ್ರೂ ತುಕ್ಕು ಹಿಡಿದು ಕೂರುತ್ತದೆ.