ಬಾಡಿಗೆ ಜಾಗದ ರಿನೋವೇಷನ್: ಚದರಡಿ ರೇಟು ಕೇಳುವ ಮುಂಚೆ

ಬೆಂಗಳೂರಿನಲ್ಲಿ ಅಂಗಡಿ, ಕ್ಲಿನಿಕ್, ಸಣ್ಣ ಆಫೀಸುಗಳ ಇಂಟೀರಿಯರ್ ಕೆಲಸಕ್ಕೆ ಎಸ್ಟಿಮೇಟ್ ಹಾಕುವುದು ನನ್ನ ಕೆಲಸ. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು, "ಚದರಡಿಗೆ ಎಷ್ಟಾಗುತ್ತೆ ಸರ್?" ನಾನು ರೇಟು ಹೇಳುವುದಿಲ್ಲ, ಬಾಡಿಗೆ ಅಗ್ರಿಮೆಂಟ್ ಕಳಿಸಿ ಅನ್ನುತ್ತೇನೆ.

ಯಾಕೆಂದರೆ ಟೈಲ್ಸ್, ಫಾಲ್ಸ್ ಸೀಲಿಂಗ್, ಪ್ಲಂಬಿಂಗ್, ಗೋಡೆಯೊಳಗಿನ ವೈರಿಂಗ್ ಎಲ್ಲ ಖಾಲಿ ಮಾಡುವಾಗ ಅಲ್ಲೇ ಬಿಟ್ಟು ಬರಬೇಕು. ಎಸಿ, ಟೇಬಲ್ಲು, ಕುರ್ಚಿ ಮಾತ್ರ ನಮ್ಮ ಜೊತೆ ಬರುತ್ತವೆ. ಅದಕ್ಕೇ ಇವೆರಡನ್ನೂ ಬೇರೆ ಬೇರೆ ಬರೆಯುತ್ತೇನೆ. 12 ಲಕ್ಷದ ಕೆಲಸದಲ್ಲಿ ಬಿಟ್ಟು ಬರುವುದೇ 8 ಲಕ್ಷ, ಅಗ್ರಿಮೆಂಟ್ 3 ವರ್ಷದ್ದು ಅಂದರೆ ತಿಂಗಳಿಗೆ ಸುಮಾರು 22,000 ರೂಪಾಯಿ ಆಯಿತು. ಅದೂ ಬಾಡಿಗೇನೇ ಅಲ್ವಾ? 60,000ಕ್ಕೆ ಜಾಗ ಸಿಕ್ಕಿತು ಅಂದುಕೊಂಡವರಿಗೆ ಅದು ನಿಜಕ್ಕೂ ಬೀಳುವುದು 82,000ಕ್ಕೆ. ಬಿಡುವಾಗ ಮೊದಲಿದ್ದ ಹಾಗೆ ಮಾಡಿಕೊಡಬೇಕು ಅನ್ನುವ ಷರತ್ತಿದ್ದರೆ, ಒಡೆಯುವ ಕೂಲಿ, ಡೆಬ್ರಿ ಸಾಗಿಸುವ ಗಾಡಿ ಬಾಡಿಗೆ ಎಲ್ಲ ಇವತ್ತಿನ ಎಸ್ಟಿಮೇಟ್‌ನಲ್ಲೇ ಬರಬೇಕು.

ರಾಜಾಜಿನಗರದಲ್ಲಿ ಮೊದಲ ಮಹಡಿಯ ಒಂದು ಹಲ್ಲಿನ ಕ್ಲಿನಿಕ್‌ಗೆ ಎಸ್ಟಿಮೇಟ್ ಹಾಕಿದ್ದೆ. ಹಲ್ಲಿನ ಕುರ್ಚಿಗೆ ಕರೆಂಟ್ ಒಂದೇ ಸಾಲದು. ನೀರು, ಡ್ರೈನ್, ಕಂಪ್ರೆಸರ್ ಗಾಳಿ, ಸಕ್ಷನ್ ಎಲ್ಲ ನೆಲದಿಂದಲೇ ಬರಬೇಕು. ಸ್ಲ್ಯಾಬ್ ಕೊರೆಯುವ ಹಾಗಿಲ್ಲ, ಕೆಳಗೆ ಬೇರೆಯವರ ಅಂಗಡಿ. ಹಾಗಾಗಿ ನೆಲದ ಮೇಲೆ ಪ್ಲಾಟ್‌ಫಾರ್ಮ್ ಕಟ್ಟಿ ಪೈಪ್ ಎಳೆಯಬೇಕು. ಡ್ರೈನ್ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಬೇಕು. ಡಾಕ್ಟರ್ ತೋರಿಸಿದ ಪ್ಲಾನ್‌ನಲ್ಲಿ ಕುರ್ಚಿ ರಸ್ತೆ ಕಡೆ ಕಿಟಕಿಯ ಹತ್ತಿರ ಇತ್ತು, ಅಲ್ಲಿಂದ ಟಾಯ್ಲೆಟ್ ಪೈಪ್‌ಲೈನಿಗೆ 20 ಅಡಿ, ಅಂದರೆ ಇಳಿಜಾರಿಗೇ 5 ಇಂಚು, ಪೈಪಿನ ದಪ್ಪವೂ ಸೇರಿದರೆ 7 ಇಂಚಿನ ಹತ್ತಿರ ನೆಲ ಏರುತ್ತದೆ, ಬಾಗಿಲು ಕತ್ತರಿಸಬೇಕು, ವಯಸ್ಸಾದವರಿಗೆ ರ‍್ಯಾಂಪ್ ಬೇಕು, ಸೀಲಿಂಗೂ ಕೆಳಗಾದಂತೆ ಕಾಣುತ್ತದೆ. ಕುರ್ಚಿಯನ್ನು ಆ ಪೈಪ್‌ಲೈನಿನಿಂದ 12 ಅಡಿ ದೂರಕ್ಕೆ ತಂದರೆ ಇಳಿಜಾರು 3 ಇಂಚಿಗೆ ಮುಗಿಯುತ್ತದೆ. ಅವರು ಒಪ್ಪಿದರು. ಯಾವ ಕಂಟ್ರಾಕ್ಟರ್ ಹತ್ತಿರ ಎಷ್ಟು ಚೌಕಾಸಿ ಮಾಡಿದ್ದರೂ ಅಷ್ಟು ದುಡ್ಡು ಉಳಿಯುತ್ತಿರಲಿಲ್ಲ. ಪ್ಲಾನ್ ಪೇಪರ್ ಮೇಲಿರುವಾಗಲೇ ಪ್ಲಂಬರ್‌ನನ್ನು ಜಾಗಕ್ಕೆ ಕರೆದುಕೊಂಡು ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಮೀಟರ್ ಬೋರ್ಡೂ ನೋಡಿ. ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದು, ಎರಡು ಎಸಿ, ಕಂಪ್ರೆಸರ್ ಹಾಕುವುದಾದರೆ ಬೆಸ್ಕಾಂಗೆ ಹೆಚ್ಚುವರಿ ಲೋಡ್ ಅರ್ಜಿ ಹಾಕಬೇಕು. ಮೀಟರ್ ಓನರ್ ಹೆಸರಲ್ಲಿದ್ದರೆ ಅವರ ಒಪ್ಪಿಗೆ ಬೇಕು, ಕಟ್ಟಿದ ಡೆಪಾಸಿಟ್ ಆ ಆರ್‌ಆರ್ ನಂಬರಿಗೇ, ಅಂದರೆ ಬಿಲ್ಲಿನಲ್ಲಿರುವ ಕರೆಂಟ್ ಕನೆಕ್ಷನ್ ನಂಬರಿಗೇ, ಸೇರುತ್ತದೆ. ಅದು ಯಾರ ದುಡ್ಡು, ಬಿಡುವಾಗ ಯಾರು ವಾಪಸ್ ಕೊಡಬೇಕು ಅಂತ ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಪೇಂಟ್ ಅಳತೆ ನೆಲದ ಅಳತೆಯಲ್ಲ. 20 ಅಡಿ ಉದ್ದ, 10 ಅಡಿ ಎತ್ತರದ ಪಾರ್ಟಿಷನ್ ಅಂದರೆ ಎರಡೂ ಕಡೆ ಸೇರಿ 400 ಚದರಡಿ. ಇನ್ನು ಕೊಟೇಷನ್ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಜಿಎಸ್‌ಟಿ ಪ್ರತ್ಯೇಕ" ಅಂತ ಇರುತ್ತದೆ. 18 ಪರ್ಸೆಂಟ್ ಅಂದರೆ 10 ಲಕ್ಷಕ್ಕೆ 1.8 ಲಕ್ಷ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಡಾಕ್ಟರ್‌ಗಳಿಗೆ ಇದು ಇನ್‌ಪುಟ್ ಕ್ರೆಡಿಟ್ (ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೊತ್ತ) ಆಗಿ ವಾಪಸ್ ಬರುವುದಿಲ್ಲ, ಪೂರ್ತಿ ಖರ್ಚೇ.

ಇಷ್ಟು ಹಾಳೆಯ ಮೇಲೆ ಬಂದ ಮೇಲೆ ಓನರ್ ಹತ್ತಿರ ಕೂತು ಮಾತಾಡಿ. ಅಡ್ವಾನ್ಸ್ ಕೊಡುವ ಮುಂಚೆಯೇ. ಕೆಲಸ ನಡೆಯುವ ದಿನಗಳಿಗೆ ಬಾಡಿಗೆ ಬಿಡಿ ಅಂತ ಕೇಳಿ, ಟಾಯ್ಲೆಟ್ ವಾಟರ್‌ಪ್ರೂಫಿಂಗ್, ಮೇನ್ ಲೈನ್ ಅವರೇ ಮಾಡಿಸಿಕೊಡಲಿ ಅಂತಲೂ ಕೇಳಿ, ಕಟ್ಟಡ ಅವರದು ತಾನೇ.