‘ಮೇಡಂ, ಇದು ಹಠ ಅಲ್ವಾ?’

ಭಾನುವಾರ ಮಕ್ಕಳನ್ನು ನೋಡಲು ಬರುವ ಅಪ್ಪ ಅಮ್ಮಂದಿರು ನನ್ನನ್ನು ಪಕ್ಕಕ್ಕೆ ಕರೆದು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಮೇಡಂ, ಇವಳು ಊಟ ಸರಿಯಾಗಿ ಮಾಡ್ತಿಲ್ಲ, ರಾತ್ರಿ ನಿದ್ದೇನೂ ಇಲ್ವಂತೆ. ಇದೆಲ್ಲ ಹಠ ಅಲ್ವಾ? ನೀವು ಸ್ವಲ್ಪ ಗದರಿಸಿ ಹೇಳಿ."

ಶಿವಮೊಗ್ಗದಲ್ಲಿ ಪಿಯುಸಿ ಹುಡುಗಿಯರ ಹಾಸ್ಟೆಲ್ ಒಂದಕ್ಕೆ 14 ವರ್ಷದಿಂದ ವಾರ್ಡನ್ ಆಗಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಯಾರ ತಟ್ಟೆಯಲ್ಲಿ ಏನು ಉಳಿಯಿತು, ಯಾರ ರೂಮಿನ ಲೈಟು ಎಷ್ಟು ಹೊತ್ತಿಗೆ ಆರಿತು, ಎರಡನ್ನೂ ನೋಡುವವಳು ನಾನೇ. ಅದಕ್ಕೇ ಹೇಳುತ್ತೇನೆ, ಗದರಿಸುವ ಮೊದಲು ಸ್ವಲ್ಪ ನಿಲ್ಲಿ. ಹಠ ಆದರೆ ಬೇಕಾದ್ದು ಸಿಕ್ಕ ಮೇಲೆ ಮುಗಿಯುತ್ತದೆ. ದಪ್ಪ ಆಗುತ್ತೇನೆ ಅನ್ನುವ ಹೆದರಿಕೆಗೆ ಊಟ ಬಿಡುವ ಈ ಕಾಯಿಲೆ ಹಾಗೆ ಮುಗಿಯುವುದಿಲ್ಲ. ತೂಕ ಐದು ಕೆಜಿ ಇಳಿದ ಮೇಲೆ ಇನ್ನೈದು ಕೆಜಿ ಇಳಿಸಬೇಕು ಅನ್ನಿಸುತ್ತದೆ.

ಇದು ನನಗೆ ಗೊತ್ತಾಗಿದ್ದು ತಡವಾಗಿ. ಹೊಸನಗರದ ಕಡೆಯ ಹುಡುಗಿ ಒಬ್ಬಳಿದ್ದಳು, ಅಡಿಕೆ ತೋಟದ ಮನೆಯವಳು. ಮೆಸ್ಸಿನಲ್ಲಿ ಬಡಿಸಲು ತಾನೇ ಮುಂದೆ ಬರುತ್ತಿದ್ದಳು. ಎಲ್ಲರಿಗೂ ಅಕ್ಕಿ ರೊಟ್ಟಿ ಹಾಕಿ, ಅಮ್ಮ ಮಾಡುವ ಕೊಟ್ಟೆ ಕಡುಬಿನ ಬಗ್ಗೆ, ಪತ್ರೊಡೆ ಬಗ್ಗೆ ಬಾಯಿ ತುಂಬಾ ಮಾತಾಡಿ, ಕೊನೆಗೆ ತಾನು ನಾಲ್ಕು ಹೋಳು ಸೌತೆಕಾಯಿ ತಿಂದು ಏಳುತ್ತಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಅವಳ ಲೈಟು ಹತ್ತುತ್ತಿತ್ತು. ಶಿಸ್ತಿನ ಹುಡುಗಿ ಅಂತ ನಾನೇ ಎಲ್ಲರೆದುರು ಹೊಗಳಿದ್ದೇನೆ. ಏಪ್ರಿಲ್‌ನಲ್ಲಿ, ಶಿವಮೊಗ್ಗದ ಆ ಸೆಕೆಯಲ್ಲಿ, ಅವಳು ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದಳು. ಅದನ್ನೂ ನೋಡಿದೆ, ಏನೂ ಕೇಳಲಿಲ್ಲ. ಒಂದು ದಿನ ಬಾತ್‌ರೂಮಿನ ಹತ್ತಿರ ಬಿದ್ದಳು. ಆಸ್ಪತ್ರೆಯಲ್ಲಿ ನಾಡಿ ನೋಡಿದರೆ ನಿಮಿಷಕ್ಕೆ ಬರೀ 42. ಆರು ತಿಂಗಳಿಂದ ಮುಟ್ಟು ನಿಂತಿತ್ತು, ಯಾರಿಗೂ ಹೇಳಿರಲಿಲ್ಲ. ಮನೆಯವರು ದೃಷ್ಟಿ ತೆಗೆಸಿದ್ದರು, ಹರಕೆ ಹೊತ್ತಿದ್ದರು, ಪಿತ್ತ ಅಂತ ಕಷಾಯ ಕುಡಿಸಿದ್ದರು. ಪಾಪ, ಅವರಿಗೆ ತೋಚಿದ್ದನ್ನೆಲ್ಲ ಮಾಡಿದ್ದರು.

ಇದಕ್ಕೆ ಅನೊರೆಕ್ಸಿಯಾ ನರ್ವೋಸಾ ಅನ್ನುತ್ತಾರೆ. ಇಂಗ್ಲೆಂಡಿನ ಡಾಕ್ಟರ್ ವಿಲಿಯಂ ಗಲ್ ಈ ಹೆಸರು ಕೊಟ್ಟಿದ್ದು 1870ರ ದಶಕದಲ್ಲಿ. ಹಾಗಾಗಿ "ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾಗಿದ್ದು" ಅನ್ನುವುದು ಪೂರ್ತಿ ಸರಿಯಲ್ಲ. ಅವಳು ಅಷ್ಟೊಂದು ಅಡುಗೆ ಮಾತು ಯಾಕೆ ಆಡುತ್ತಿದ್ದಳು ಅನ್ನುವುದು ನನ್ನನ್ನು ತುಂಬಾ ದಿನ ಕಾಡಿತು. ಆಮೇಲೆ ಗೊತ್ತಾಯಿತು. 1945ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರೇ ಒಪ್ಪಿದ ಮೇಲೆ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಆ ಯುವಕರಿಗೂ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದತೊಡಗಿದರು. ಚಳಿ ಚಳಿ ಅಂದರು, ಸಿಡುಕಿದರು, ಜನರಿಂದ ದೂರ ಕೂತರು. ಅವರಿಗೆ ಮೊದಲು ಯಾವ ಮನಸ್ಸಿನ ತೊಂದರೆಯೂ ಇರಲಿಲ್ಲ. ಅಂದರೆ ನಾವು ಮಕ್ಕಳ ಸ್ವಭಾವ ಅಂದುಕೊಳ್ಳುವುದರಲ್ಲಿ ಎಷ್ಟೋ ಪಾಲು ಹಸಿದ ದೇಹದ ಕೆಲಸ. ನಿದ್ದೆಯೂ ಹಾಗೇ. ಹೊಟ್ಟೆಗಿಲ್ಲದ ದೇಹ ಬೆಳಗಿನ ಜಾವಕ್ಕೇ ಎಚ್ಚರಿಸಿಬಿಡುತ್ತದೆ. ನಾನು ಶಿಸ್ತು ಅಂದುಕೊಂಡಿದ್ದು ಅದನ್ನೇ.

ಇನ್ನೊಂದು ಬಗೆ ಇದೆ, ಅದನ್ನು ಗುರುತಿಸುವುದು ಇನ್ನೂ ಕಷ್ಟ. ಬುಲಿಮಿಯಾ. ಮಕ್ಕಳು ನೋಡಲು ಸರಿಯಾಗೇ ಇರುತ್ತಾರೆ, ತೂಕವೂ ಸಾಮಾನ್ಯ. ಹಗಲೆಲ್ಲ ಉಪವಾಸ ಇದ್ದು ರಾತ್ರಿ ತಡೆಯಲಾರದೆ ಪ್ಯಾಕೆಟ್‌ಗಟ್ಟಲೆ ತಿಂದು, ತಿಂದ ನಾಚಿಕೆಗೆ ವಾಂತಿ ಮಾಡುತ್ತಾರೆ. ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಡುವುದು, ಬೆರಳಿನ ಗಂಟಿನ ಮೇಲೆ ಗಾಯದ ಗುರುತು, ಸವೆದ ಹಲ್ಲು. ಇವನ್ನು ಗಮನಿಸಿ. ಪದೇ ಪದೇ ವಾಂತಿಯಾದರೆ ರಕ್ತದಲ್ಲಿನ ಪೊಟ್ಯಾಶಿಯಂ ಎಂಬ ಲವಣಾಂಶ ಇಳಿದು ಹೃದಯದ ಬಡಿತವೇ ತಪ್ಪಬಹುದು. ಗಂಡುಮಕ್ಕಳಿಗೂ ಇದೆಲ್ಲ ಬರುತ್ತದೆ, ಕೇಳುವವರು ಕಮ್ಮಿ ಅಷ್ಟೇ.

ಎಲ್ಲ ನಿದ್ದೆಯ ತೊಂದರೆಯೂ ಊಟದಿಂದಲೇ ಬರುವುದಿಲ್ಲ. ಹದಿವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ರಾತ್ರಿ ನಿದ್ದೆ ಬರುವುದೇ ತಡ. ಈ ವಯಸ್ಸಿಗೆ ಬೇಕಾದ್ದು 8ರಿಂದ 10 ಗಂಟೆ ನಿದ್ದೆ, ನಾವು ಕೊಡುತ್ತಿರುವುದು ಬೆಳಗ್ಗೆ ಆರರ ಬಸ್ಸು, ಸಂಜೆ ಕೋಚಿಂಗು, ರಾತ್ರಿ ಓದಲು ಸ್ಟ್ರಾಂಗ್ ಕಾಫಿ. ಹತ್ತು ಗಂಟೆಗೆ ಮಲಗಿಸಿದರೂ ಎರಡರವರೆಗೆ ಹೊರಳಾಡಿ, ರಜೆಯಲ್ಲಿ ಮಧ್ಯಾಹ್ನದವರೆಗೆ ಮಲಗುವ ಹುಡುಗನನ್ನು ಸೋಮಾರಿ ಅಂದುಬಿಡುತ್ತೇವೆ. ಆ ಗಡಿಯಾರ ಸರಿಹೋಗಲು ಅವನಿಗೆ ಬೈಗುಳಕ್ಕಿಂತ ಬೆಳಗಿನ ಬೆಳಕು ಬೇಕು. ಜುಲೈನಲ್ಲಿ ತೀರ್ಥಹಳ್ಳಿಯಲ್ಲಿ ಬಿಸಿಲೆಲ್ಲಿ ಅಂತ ಕೇಳಬೇಡಿ. ಮೋಡ ಕವಿದ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಜಾಸ್ತಿ. ಎದ್ದ ಕೂಡಲೇ ಜಗಲಿಯಲ್ಲಿ ಅರ್ಧ ಗಂಟೆ ಕೂರಿಸಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ರಜೆಯಲ್ಲೂ ಏಳುವ ಹೊತ್ತು ತೀರಾ ಬದಲಾಗದಿರಲಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ಮಾತ್ರ ಖಂಡಿತ ತರಬೇಡಿ. ಇಷ್ಟು ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ, ಅಥವಾ ಸಾಕಷ್ಟು ಮಲಗಿದರೂ ಕ್ಲಾಸಿನಲ್ಲಿ ತಡೆಯಲಾಗದ ನಿದ್ದೆ ಬರುತ್ತಿದ್ದರೆ, ಡಾಕ್ಟರಿಗೆ ತೋರಿಸಿ.

ಊಟದ ವಿಷಯದಲ್ಲಿ ನಮ್ಮ ಮಲೆನಾಡಿನವರಿಗೆ ಕಷ್ಟ ಆಗುವ ಮಾತೊಂದಿದೆ. ಬಲವಂತ ಮಾಡಿ ಬಡಿಸುವುದು ನಮ್ಮ ಪ್ರೀತಿ. ಆದರೆ ತುಂಬಾ ಸೊರಗಿದ ಮಗುವಿಗೆ ಒಂದೇ ಸಲ ಹೊಟ್ಟೆ ತುಂಬಾ ತಿನ್ನಿಸುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣಾಂಶ ಇಳಿದು ಹೃದಯಕ್ಕೆ ತೊಂದರೆಯಾಗಬಹುದು. ಮೊದಲು ಇಸಿಜಿ, ರಕ್ತ ಪರೀಕ್ಷೆ. ಎಷ್ಟೆಷ್ಟು ಊಟ ಏರಿಸಬೇಕು ಅಂತ ಡಾಕ್ಟರ್ ಹೇಳಲಿ. ಆಮೇಲಿನ ದೊಡ್ಡ ಕೆಲಸ ಮನೆಯವರದ್ದೇ. ಹದಿವಯಸ್ಸಿನವರ ಚಿಕಿತ್ಸೆಯಲ್ಲಿ ಚೆನ್ನಾಗಿ ಫಲ ಕೊಟ್ಟಿರುವ ಒಂದು ದಾರಿಯಲ್ಲಿ ಅಪ್ಪ ಅಮ್ಮನೇ ಪಕ್ಕದಲ್ಲಿ ಕೂತು, ಬೈಯದೆ, ಬೇಡಿಕೊಳ್ಳದೆ, ಪ್ರತಿ ಹೊತ್ತಿನ ಊಟ ಮುಗಿಸಲು ಜೊತೆಯಾಗುತ್ತಾರೆ. ನಮ್ಮ ಹೊಸನಗರದ ಹುಡುಗಿಯ ಅಮ್ಮ ಒಂದು ವರ್ಷ ಹಾಗೆ ಕೂತರು. ಸುಗ್ಗಿಯ ಕೆಲಸ ಬಿಟ್ಟು ಕೂತರು. ಮದುವೆ ಮನೆಯಲ್ಲಿ "ಏನೇ, ಸೊರಗಿದೀಯಲ್ಲೇ", "ಈಗ ಉಬ್ಬಿದೀಯ ನೋಡು" ಅನ್ನುವ ನೆಂಟರನ್ನು ಆಕೆಯೇ ತಡೆದರು. ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಮ್ಮೂರಿನವರಿಗೆ ಗೊತ್ತು.

ಎಲ್ಲಿಗೆ ಹೋಗುವುದು ಅಂತ ಕೇಳುತ್ತೀರಿ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗ ಇದೆ. ಅಷ್ಟು ದೂರ ಬರಲು ಮನಸ್ಸಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ್ದು. ದುಡ್ಡು ಕೊಡಬೇಕಿಲ್ಲ, ನಡುರಾತ್ರಿಯಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮಗು ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟುತ್ತಿದೆ ಅಂದರೆ, ಸಾಯುವ ಮಾತಾಡಿದರೆ ಫೋನು ಹಿಡಿದು ಕೂರಬೇಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೊರಡಿ. ಎಷ್ಟು ದಿನದಿಂದ ಊಟ ಕಮ್ಮಿ, ವಾಂತಿ ಇದೆಯಾ, ಮುಟ್ಟು ಯಾವಾಗ ನಿಂತಿತು, ಇದನ್ನೆಲ್ಲ ಅಲ್ಲಿ ಮುಚ್ಚಿಡದೆ ಹೇಳಿ.