ಇನ್ನೊಂಚೂರು ಬೆಳ್ಳಗೆ ಮಾಡಬಾರದೇನ್ರಿ?

ನಾನು ಬಳ್ಳಾರಿಯಲ್ಲಿ ಎಣ್ಣೆಬಣ್ಣದ ಮುಖಚಿತ್ರ ಬರೆಯುತ್ತೇನೆ. ಜನ ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಚಿತ್ರಕ್ಕೆ ಕೂತವರು ಕೇಳುತ್ತಾರೆ, ಅವರ ಮನೆಯವರು ಇನ್ನೂ ಜಾಸ್ತಿ. "ಕಣ್ಣು, ಮೂಗು ಎಲ್ಲಾ ಛಲೋ ಬಂದಾವ್ರಿ. ಬಣ್ಣ ಒಂದು..." ಅಂತ ಅರ್ಧಕ್ಕೆ ನಿಲ್ಲಿಸುತ್ತಾರೆ.

ಮಾಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕಪ್ಪು ಮೈ ಅಂದರೆ ಒಂದೇ ಬಣ್ಣ ಅಲ್ಲ. ಬೆಳಿಗ್ಗೆ ಯಾರನ್ನಾದರೂ ಕಿಟಕಿ ಪಕ್ಕ ಕೂರಿಸಿ ನೋಡಿ. ಹಣೆ ಮೇಲಿನ ಹೊಳಪು ತಿಳಿ ನೀಲಿ, ಅದು ಆಕಾಶದ್ದು. ಕಿವಿಯಂಚು ಕೆಂಪು. ಗಡ್ಡ ಬೋಳಿಸಿದ ಕಡೆ ಹಸಿರು ಛಾಯೆ, ಕಣ್ಣ ಕೆಳಗೆ ನೇರಳೆ. ಇದಕ್ಕೆಲ್ಲ ನಾನು ಬಳಸುವುದು ಬರ್ಂಟ್ ಸಿಯೆನ್ನಾ (ಕೆಂಗಂದು), ಅಂಬರ್ (ಗಾಢ ಕಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಇಂಡಿಯನ್ ರೆಡ್ (ಗಾಢ ಕೆಂಪು), ಮತ್ತೆ ಅಲ್ಟ್ರಾಮರೀನ್ ನೀಲಿ. ಮೊದಲ ನಾಲ್ಕಕ್ಕೂ ಬಣ್ಣ ಕೊಡುವುದು ಕಬ್ಬಿಣ. ಸಂಡೂರಿನ ಗುಡ್ಡ ಕೆಂಪಗಿರುವುದೂ ಅದರಿಂದಲೇ. ಬಣ್ಣದ ಪುಡಿಯನ್ನು ಹಿಡಿದಿಡುವ ಎಣ್ಣೆ, ನಾವು ಚಟ್ನಿಪುಡಿ ಕುಟ್ಟುವ ಅಗಸೆಯದು. ಅದು ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಒಂದು ಬಣ್ಣವನ್ನು ಇನ್ನೊಂದರ ಅಂಚಿಗೆ ಮೆಲ್ಲಗೆ ಸೇರಿಸಬಹುದು. ಬೆಳ್ಳಗೆ ಮಾಡಬೇಕು ಅಂತ ಇದಕ್ಕೆ ಟೈಟಾನಿಯಂ ಬಿಳಿ ಬೆರೆಸುತ್ತಾ ಹೋದರೆ ನೀಲಿ, ಹಸಿರು, ನೇರಳೆ ಎಲ್ಲಾ ಸತ್ತುಹೋಗುತ್ತವೆ. ಮುಖಕ್ಕೆ ಬೂದಿ ಬಳಿದಂತೆ ಆಗುತ್ತದೆ.

ಕೌಲ್ ಬಜಾರಿನ ಕಡೆ ಜೀನ್ಸ್ ಹೊಲಿಯುವ ಹುಡುಗನೊಬ್ಬ ಚಿತ್ರಕ್ಕೆ ಕೂತಿದ್ದ. ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡೇ ಕೂರುತ್ತಿದ್ದ. ದಿನವಿಡೀ ಹೊಸ ಡೆನಿಮ್ ಹಿಡಿದರೆ ಬೆರಳಿಗೆ ನೀಲಿ ಹತ್ತುತ್ತದೆ. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಎಷ್ಟು ತಿಕ್ಕಿದರೂ ಉಳಿಯುತ್ತದೆ. "ಕೈ ಬ್ಯಾಡಣ್ಣ, ಮುಖ ಸಾಕು" ಅಂದ. ಬರೆದು ತೋರಿಸುತ್ತೇನೆ, ಬೇಡ ಅನಿಸಿದರೆ ಹಸಿ ಇರುವಾಗಲೇ ಒರೆಸುತ್ತೇನೆ ಅಂತ ಒಪ್ಪಿಸಿದೆ. ಉಗುರಂಚಿನ ಆ ಸಣ್ಣ ನೀಲಿ ಗೆರೆಗೆ ತುಂಬಾ ಹೊತ್ತು ಕೊಟ್ಟೆ. ಆ ಚಿತ್ರದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು. ಅವನು ಸುಮ್ನೆ ನೋಡುತ್ತಾ ನಿಂತ. ಕೈ ಇರಲಿ ಅಂದ. "ಮುಖ ಮಾತ್ರ ಇನ್ನೊಂಚೂರು ಬೆಳ್ಳಗೆ..." ಅಂತಲೂ ಅಂದ.

ಅವನ ಮೇಲೆ ನನಗೆ ಬೇಸರ ಇಲ್ಲ. ಹೆಣ್ಣು ನೋಡಲು ಬಂದವರು, ಮದುವೆ ಆಲ್ಬಮ್ ಮಾಡುವವರು, ಫ್ಲೆಕ್ಸ್ ಹಾಕಿಸುವವರು, ಎಲ್ಲರೂ ಸೇರಿ ಇವರಿಗೆ ಅದನ್ನೇ ಕಲಿಸಿದ್ದಾರೆ. ಎಷ್ಟೋ ಮನೆಗಳಲ್ಲಿ ಗೋಡೆ ಮೇಲಿನ ತಾತನ ಫೋಟೋವನ್ನೂ ದೊಡ್ಡದು ಮಾಡಿಸುವಾಗ ಗುಲಾಬಿ ಬಣ್ಣಕ್ಕೆ ತಿರುಗಿಸಿರುತ್ತಾರೆ. ಹೊಲದಲ್ಲಿ ಬೆಂದ ಆ ಮುಖದ ಬಣ್ಣ ಹೇಗಿತ್ತು ಅಂತ ಮೊಮ್ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ನನ್ನ ಸಂಕಟ ಇರುವುದು ಅಲ್ಲಿ.

ಬೇರೆಯವರು ಬೇರೆ ದಾರಿ ಹಿಡಿದಿದ್ದಾರೆ. ಅಮೆರಿಕದ ಏಮಿ ಶೆರಾಲ್ಡ್ ಕಪ್ಪು ಜನರ ಮೈಯನ್ನು ಬೂದು ಛಾಯೆಯಲ್ಲಿ ಬರೆಯುತ್ತಾರೆ. 2018ರಲ್ಲಿ ಅನಾವರಣವಾದ ಮಿಶೆಲ್ ಒಬಾಮಾ ಚಿತ್ರವೂ ಹಾಗೇ ಇದೆ. ಬಣ್ಣವನ್ನೇ ಪಕ್ಕಕ್ಕಿಟ್ಟಾಗ ಎದುರಿಗೆ ಆ ವ್ಯಕ್ತಿಯೇ ಉಳಿಯುತ್ತಾರೆ. ನನಗೆ ಗೌರವ ಇದೆ, ಆದರೆ ಆ ದಾರಿ ನನಗೆ ಒಗ್ಗುವುದಿಲ್ಲ. ನಮ್ಮಲ್ಲಿ ಬಣ್ಣ ಅಳಿಸುವ ಕೆಲಸ ಆಗಲೇ ಬೇಕಾದಷ್ಟು ನಡೆದಿದೆ, ಅಲ್ವಾ? ಅಮೃತಾ ಶೆರ್‌ಗಿಲ್ ದಕ್ಷಿಣ ಸುತ್ತಿ ಬಂದು 1937ರಲ್ಲಿ ಬರೆದ ಚಿತ್ರಗಳು ನನಗೆ ಹೆಚ್ಚು ಹತ್ತಿರ. ಅಲ್ಲಿ ಕಂದು ಮೈಗಳು ಕಂದಾಗಿಯೇ, ಘನತೆಯಿಂದ ಕೂತಿವೆ.

ಚಿತ್ರಕ್ಕೆ ಕೂರಬೇಕು ಅನ್ನುವವರು ಬೆಳಿಗ್ಗೆ ಬನ್ನಿ, ಬಿಸಿಲು ಏರುವ ಮುಂಚೆ. ದಿನಾ ಉಡುವ ಬಟ್ಟೆಯೇ ಇರಲಿ. ಪೌಡರ್ ಮಾತ್ರ ಹಚ್ಚಿಕೊಂಡು ಬರಬೇಡಿ.